ಎರಡು ಯಕಾರದ ಹೆಸರು

2022ರ ಸೆಪ್ಟೆಂಬರಿನಲ್ಲಿ ನಾನು ಒಂದು ಹಸುಗೂಸಿನ ಹೆಸರಿನಿಂದ ಒಂದು ಒತ್ತಕ್ಷರವನ್ನು ಕಳೆದುಹಾಕಿದೆ. 31 ವರ್ಷ ಕನ್ನಡ ಕಲಿಸಿ, ಒತ್ತು ಬಿಟ್ಟ ಮಕ್ಕಳಿಂದ ಅದೇ ಪದವನ್ನು ಹತ್ತು ಸಲ ಬರೆಸಿದವನಿಂದ ಆಗಬಾರದ ತಪ್ಪು ಅದು. ದಾವಣಗೆರೆಯ ನಮ್ಮ ಓಣಿಯಲ್ಲಿ ಯಾರಿಗೆ ಯಾವ ಅರ್ಜಿ ಬರೆಸಬೇಕಾದರೂ ನಿವೃತ್ತ ಮೇಷ್ಟರ ಜಗಲಿಗೆ ಬರುವ ರೂಢಿ ಇನ್ನೂ ಉಳಿದಿದೆ. ಪಕ್ಕದ ಮನೆಯ ಸಾಬರು ಮಗಳ ಬಾಣಂತನದ ಗಡಿಬಿಡಿಯ ನಡುವೆ ಮೊಮ್ಮಗನ ಜನನ ನೋಂದಣಿಯ ಅರ್ಜಿಯನ್ನು ತಂದು ಕೈಗಿತ್ತಾಗ, ಹೆಸರಿನ ಜಾಗದಲ್ಲಿ ನಾನು ಕಿವಿಗೆ ಬಿದ್ದಂತೆ ‘ರಯಾನ್’ ಎಂದು ಬರೆದುಬಿಟ್ಟೆ. ಅದು ಕಂಪ್ಯೂಟರಿನಲ್ಲಿ ಇಂಗ್ಲಿಷಿಗೆ ಇಳಿಯುವಾಗ ಅಲ್ಲಿಯೂ ಒಂದು ‘ವೈ’ ಕಡಿಮೆಯಾಯಿತು. ಕತಾರಿನಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ಮಗುವಿನ ತಂದೆ ಈಗ ಹೆಂಡತಿಯನ್ನೂ ಮಗನನ್ನೂ ಅಲ್ಲಿಗೆ ಕರೆಸಿಕೊಳ್ಳಲು ಕಾಗದಪತ್ರ ಹೊಂದಿಸುತ್ತಿದ್ದಾನೆ. ಅವನು ಅಲ್ಲಿ ಕೊಟ್ಟ ಅರ್ಜಿಯಲ್ಲಿ ಎರಡು ವೈ ಇವೆ, ಇಲ್ಲಿಂದ ಕಳಿಸಿದ ಪ್ರಮಾಣಪತ್ರದಲ್ಲಿ ಒಂದೇ ಇದೆ. ಅಷ್ಟರಿಂದಲೇ ಕೆಲಸ ನಿಂತಿದೆ.

ಫೋನಿನಲ್ಲಿ ನಾನು ಸಂಕೋಚದಿಂದ ತಪ್ಪೊಪ್ಪಿಕೊಂಡಾಗ ಅವನು ಸಿಟ್ಟಾಗಲಿಲ್ಲ. ನಗುತ್ತಲೇ ಒಂದು ಮಾತು ಹೇಳಿದ: “ಒಂದೇ ಯ ಇಟ್ರೆ ಹೆಸರಿನಾಗೆ ನೀರೇ ಇಲ್ಲದಂಗೆ ಆಗತೈತಿ ಸಾರ್.” ಅಂದಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ಹೆಸರೊಂದರ ನೀರು ಒಂದು ಒತ್ತಿನಲ್ಲಿರುವುದು ಹೇಗೆ?

ಯಕಾರದೊಳಗೆ ಅಡಗಿದ ವಕಾರ

ಉರ್ದು ಶಾಲೆಯಲ್ಲಿದ್ದು ನಿವೃತ್ತರಾದ, ಅರಬ್ಬಿಯನ್ನು ಚೆನ್ನಾಗಿ ಓದಿಕೊಂಡ ಹಳೆಯ ಸ್ನೇಹಿತರೊಬ್ಬರಿದ್ದಾರೆ. ಅವರನ್ನು ಕೇಳಿದೆ. ಅವರು ಸ್ವರ್ಗ, ಪುಣ್ಯ ಎಂದೆಲ್ಲ ಹೊರಡದೆ ನೇರವಾಗಿ ವ್ಯಾಕರಣದಿಂದಲೇ ಪ್ರಾರಂಭಿಸಿದ್ದು ನನಗೆ ಹಿಡಿಸಿತು. ಅರಬ್ಬಿಯಲ್ಲಿ ಬಹುಪಾಲು ಪದಗಳು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಈ ಹೆಸರಿನ ಧಾತು ರ-ವ-ಯ. ‘ರವಿಯ’ ಎಂದರೆ ದಾಹ ತೀರುವಷ್ಟು ಕುಡಿದನು ಎಂದರ್ಥ. ಮೈತುಂಬಿಕೊಂಡ ಸ್ಥಿತಿಯನ್ನು ಹೇಳುವುದಕ್ಕೆ ಆ ಭಾಷೆಯಲ್ಲಿ ‘ಆನ್’ ಎಂದು ಮುಗಿಯುವ ಒಂದು ಅಚ್ಚು ಇದೆ: ‘ಅತ್‌ಶಾನ್’ ಬಾಯಾರಿದವನು, ‘ಜೌಆನ್’ ಹಸಿದವನು, ‘ಶಬ್‌ಆನ್’ ಹೊಟ್ಟೆ ತುಂಬಿದವನು. ರ-ವ-ಯ ಧಾತುವನ್ನು ಇದೇ ಅಚ್ಚಿಗೆ ಹೊಯ್ದರೆ ‘ರವ್ಯಾನ್’ ಆಗಬೇಕು. ಆದರೆ ವ್ ಮತ್ತು ಯ ಹೀಗೆ ಒತ್ತಾಗಿ ಬಂದರೆ ಅರಬ್ಬಿಯ ನಾಲಿಗೆ ಒಪ್ಪುವುದಿಲ್ಲ. ವಕಾರವು ಯಕಾರದಲ್ಲಿ ಕರಗಿ ಯಕಾರ ಇಮ್ಮಡಿಯಾಗುತ್ತದೆ. ಹಾಗೆ ಆದದ್ದು ‘ರಯ್ಯಾನ್’: ನೀರು ಕುಡಿದು ತಣಿದವನು. ಮನುಷ್ಯನಿಗಷ್ಟೇ ಅಲ್ಲ, ನೀರುಂಡು ನಳನಳಿಸುವ ಕೊಂಬೆಗೂ ಆ ವಿಶೇಷಣ ಸಲ್ಲುತ್ತದೆಯಂತೆ.

ಅಂದರೆ ನಾನು ಬಿಟ್ಟ ಆ ಒತ್ತು ಬರಿಯ ಉಚ್ಚಾರದ ಒತ್ತಲ್ಲ, ಧಾತುವಿನ ಮಧ್ಯದ ಅಕ್ಷರ ಅಡಗಿ ಕುಳಿತ ಜಾಗವೇ ಅದು. ಯಕಾರ ವಕಾರಗಳ ಈ ಆಟ ಕನ್ನಡ ಮೇಷ್ಟರಿಗೆ ಹೊಸದೇನಲ್ಲ. ‘ಮನೆಯನ್ನು’ ಎಂಬಲ್ಲಿ ಯಕಾರವನ್ನೂ ‘ಗುರುವನ್ನು’ ಎಂಬಲ್ಲಿ ವಕಾರವನ್ನೂ ಆಗಮವೆಂದು ತೋರಿಸುತ್ತಲೇ ಮುದುಕನಾದವನು ನಾನು. ಇಂಗ್ಲಿಷಿನಲ್ಲಿ ಈ ಹೆಸರನ್ನು ನಾಲ್ಕಾರು ಬಗೆಯಲ್ಲಿ ಬರೆದು ಒದ್ದಾಡುತ್ತಾರೆ. ಕನ್ನಡಕ್ಕೆ ಆ ತೊಡಕೇ ಇಲ್ಲ: ‘ಅಯ್ಯ’ ಎಂದು ಬರೆಯಬಲ್ಲ ಲಿಪಿ ‘ರಯ್ಯಾನ್’ ಎಂದೂ ಬರೆಯಬಲ್ಲದು. ಬೋರಯ್ಯ, ಪಾಲಯ್ಯ, ತಿಪ್ಪಯ್ಯರ ಸೀಮೆಯಲ್ಲಿ ಹುಟ್ಟಿ ಬೆಳೆದು ಒಂದು ಯ್ಯ ಬರೆಯಲು ಮರೆತೆನಲ್ಲ ಎಂಬುದೇ ನನ್ನ ನಾಚಿಕೆ.

ಅದೇ ಧಾತುವಿನ ಬೇರೆ ಕುಡಿಗಳಲ್ಲಿ ವಕಾರ ಕಣ್ಣಿಗೆ ಕಾಣುವಂತೆಯೇ ಉಳಿದಿದೆ ಎಂದು ಸ್ನೇಹಿತರು ಹೇಳಿದರು. ನೀರು ಹೊರುವ ಒಂಟೆಗೆ ಹಿಂದೆ ‘ರಾವಿಯಾ’ ಎನ್ನುತ್ತಿದ್ದರು. ಕವಿಯ ಪದ್ಯಗಳನ್ನು ಬಾಯಲ್ಲಿ ಹೊತ್ತು ಊರಿಂದೂರಿಗೆ ಒಯ್ಯುವವನಿಗೂ ಅದೇ ಹೆಸರು ಬಂತು. ಪ್ರವಾದಿಯ ಮಾತುಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದವರು ‘ರಾವಿ’ಗಳು. ನಮ್ಮ ಓಣಿಯಲ್ಲಿ ಮದುವೆಯ ಮಾತುಕತೆಯಲ್ಲೂ ಕೇಳಿಬರುವ ‘ರಿವಾಜು’ ಬೇರೆ ಧಾತುವಿನದು, ಆದರೆ ಉರ್ದುವಿನ ‘ರಿವಾಯತ್’, ಅಂದರೆ ಪರಂಪರೆ, ಈ ನೀರಿನ ಮನೆತನಕ್ಕೇ ಸೇರಿದ್ದು. ಹಜ್ ಯಾತ್ರಿಕರು ಮುಂದಿನ ದಾರಿಗೆ ನೀರು ತುಂಬಿಕೊಳ್ಳುತ್ತಿದ್ದ ದುಲ್‌ಹಜ್ ತಿಂಗಳ ಎಂಟನೆಯ ದಿನಕ್ಕೆ ‘ತರ್ವಿಯಾ’ ದಿನವೆಂದೇ ಹೆಸರು. ಕತೆಯನ್ನೂ ನೀರನ್ನೂ ಒಂದೇ ಕೊಡದಲ್ಲಿ ಹೊರುವ ಧಾತು ಅದು.

ಕನ್ನಡದಲ್ಲಿ ಇದಕ್ಕೆ ಸಮನಾದ ಪದ ಹುಡುಕುತ್ತ ಕುಳಿತೆ. ‘ತೃಪ್ತ’ ಎಂದರೆ ಊಟ ಮುಗಿಸಿ ಎದ್ದ ಬ್ರಾಹ್ಮಣನ ನೆನಪಾಗುತ್ತದೆಯೇ ಹೊರತು ನೀರಿನದಲ್ಲ. ಕೊನೆಗೆ ಸಿಕ್ಕಿದ್ದು ‘ತಣಿ’. ಬಾಯಾರಿದವನು ತಣಿಯುತ್ತಾನೆ, ಮೊದಲ ಮಳೆಗೆ ಹೊಲ ತಣಿಯುತ್ತದೆ, ಮೊಮ್ಮಗುವನ್ನು ಕಂಡು ಕಣ್ಣು ತಣಿಯುತ್ತದೆ. ತಂಪನ್ನೂ ಸಾಕೆನಿಸುವುದನ್ನೂ ಒಂದೇ ಉಸಿರಿನಲ್ಲಿ ಹೇಳುವ ಪದ ನಮ್ಮಲ್ಲೇ ಇತ್ತು.

ಓಣಿಯ ತುಂಬ ‘ಆನ್’

ಈಗ ನಮ್ಮ ಓಣಿಯಲ್ಲಿ ಸಂಜೆ ಹೊತ್ತು ‘ರಯಾನ್’ ಎಂದು ಕೂಗಿದರೆ ಮೂರು ಮನೆಯಿಂದ ಮೂವರು ತಿರುಗಿ ನೋಡುತ್ತಾರೆ. ಅಂಗನವಾಡಿಯ ಟೀಚರ್ ಅವರನ್ನು ದೊಡ್ಡ ರಯಾನ್, ಸಣ್ಣ ರಯಾನ್, ಗ್ಯಾರೇಜ್ ರಯಾನ್ ಎಂದು ವಿಂಗಡಿಸಿಕೊಂಡಿದ್ದಾರೆ. ಇಂಗ್ಲೆಂಡಿನಲ್ಲಾದರೆ ಪ್ರತಿ ವರ್ಷ ಯಾವ ಹೆಸರನ್ನು ಎಷ್ಟು ಕೂಸುಗಳಿಗೆ ಇಟ್ಟರೆಂದು ಸರ್ಕಾರವೇ ಪಟ್ಟಿ ಹೊರಡಿಸುತ್ತದೆ. 2023ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಗಂಡುಮಕ್ಕಳ ಹೆಸರುಗಳಲ್ಲಿ ‘ಮುಹಮ್ಮದ್’ ಮೊದಲ ಸ್ಥಾನಕ್ಕೆ ಬಂದದ್ದು ಸುದ್ದಿಯಾಗಿತ್ತು. ನಮಗೆ ಹಾಜರಿ ಪುಸ್ತಕವೇ ಪಟ್ಟಿ. ಅದರಲ್ಲಿ ನಾನು ಕಂಡಂತೆ ಅಯಾನ್, ರೆಹಾನ್, ಅರ್ಹಾನ್, ಫೈಜಾನ್ ಎಂದು ಸಾಲುಹಿಡಿದಿರುವಾಗ, ಅವರ ಪಕ್ಕದಲ್ಲೇ ವಿಹಾನ್, ಇಶಾನ್, ರೇಯಾನ್ ಎಂಬ ಲಿಂಗಾಯತರ, ನಾಯಕರ, ರೆಡ್ಡಿಗಳ ಮಕ್ಕಳೂ ಕುಳಿತಿರುತ್ತಾರೆ. ಧರ್ಮ ಯಾವುದಾದರೂ ಹೆಸರು ಎರಡು ಮೂರು ಅಕ್ಷರದಲ್ಲಿ ಮುಗಿಯಬೇಕು, ಕೊನೆಗೆ ‘ಆನ್’ ಎಂದು ಗುಂಯ್‌ಗುಡಬೇಕು. ‘ರಯ್ಯಾನ್’ಗೆ ಇನ್ನೂ ಒಂದು ಅನುಕೂಲವಿದೆ: ಹೊರದೇಶದಲ್ಲಿ ಅದನ್ನು ಐರಿಷ್ ಮೂಲದ ‘ರಯನ್’ ಎಂದೇ ತಿಳಿದು ಸಲೀಸಾಗಿ ಕರೆಯುತ್ತಾರೆ. ಫ್ರಾನ್ಸಿನಲ್ಲಿ ನೆಲೆಸಿದ ಉತ್ತರ ಆಫ್ರಿಕಾ ಮೂಲದ ಮನೆಗಳಲ್ಲಿ ಈ ಹೆಸರು ಅಷ್ಟು ಹಬ್ಬಿರುವುದಕ್ಕೆ ಈ ಎರಡು ದಡದ ಸಲಿಗೆಯೂ ಕಾರಣವಿದ್ದೀತು.

ಮೊಬೈಲಿನಲ್ಲಿ ಅರ್ಥ ಹುಡುಕಿದರೆ ಒಂದು ಕಡೆ ‘ಸ್ವರ್ಗದ ಬಾಗಿಲು’ ಎಂದಿರುತ್ತದೆ, ಇನ್ನೊಂದು ಕಡೆ ‘ಪುಟ್ಟ ರಾಜ’, ಮತ್ತೊಂದು ಕಡೆ ‘ಸುಗಂಧ’. ಅದರ ಕೆಳಗೆ ಅದೃಷ್ಟ ಸಂಖ್ಯೆ, ಅದೃಷ್ಟದ ಬಣ್ಣ. ‘ಪುಟ್ಟ ರಾಜ’ ಎಂಬುದು ಐರಿಷ್ ಹೆಸರಿನಿಂದ ನುಸುಳಿದ ಅರ್ಥ. ‘ಸುಗಂಧ’ವು ‘ರೈಹಾನ್’ ಎಂಬ ಬೇರೆಯೇ ಪದದ್ದು. ಕುರ್‌ಆನಿನಲ್ಲಿ ಎರಡು ಕಡೆ ಬರುವ ಆ ಪದಕ್ಕೆ ಪರಿಮಳದ ಗಿಡ ಎಂದರ್ಥ, ನಮ್ಮ ಕಾಮಕಸ್ತೂರಿ ಅದೇ ಬಳಗದ್ದು. ಸ್ವರ್ಗದ ಬಾಗಿಲು ಮಾತ್ರ ಸುಳ್ಳಲ್ಲ. ಸ್ವರ್ಗದಲ್ಲಿ ‘ರಯ್ಯಾನ್’ ಎಂಬ ಬಾಗಿಲೊಂದಿದೆ, ಉಪವಾಸ ಮಾಡಿದವರು ಮಾತ್ರ ಅದರಿಂದ ಒಳಹೋಗುತ್ತಾರೆ, ಅವರು ಹೋದ ಮೇಲೆ ಅದನ್ನು ಮುಚ್ಚಲಾಗುತ್ತದೆ ಎಂಬ ಪ್ರವಾದಿಯ ಮಾತು ಬುಖಾರಿಯವರ ಹದೀಸ್ ಸಂಗ್ರಹದಲ್ಲಿದೆ. ಹಸಿದವರ ಬಾಗಿಲಿಗೆ ಹೊಟ್ಟೆ ತುಂಬಿದ ಹೆಸರಿಡದೆ ನೀರಿನ ಹೆಸರಿಟ್ಟದ್ದೇಕೆ ಎಂಬುದಕ್ಕೆ ನನಗೆ ಪಕ್ಕದ ಮನೆಯ ಅಜ್ಜಿಯೇ ಉತ್ತರ ಕೊಟ್ಟಿದ್ದರು. ಏಪ್ರಿಲ್ ತಿಂಗಳ ರಂಜಾನಿನಲ್ಲಿ, ನಮ್ಮ ಊರಿನ ಬಿಸಿಲು ಗೋಡೆಯೊಳಗೂ ಇಳಿಯುತ್ತಿದ್ದ ಹೊತ್ತಿನಲ್ಲಿ, “ಹಸಿವು ಮಧ್ಯಾಹ್ನಕ್ಕೆ ಸುಮ್ಮನಾಗತೈತ್ರಿ ಮೇಷ್ಟ್ರೇ, ಬಾಯಾರಿಕಿ ಸುಮ್ಮನಾಗಲ್ಲ” ಎಂದಿದ್ದರು.

ಇಷ್ಟು ತಿಳಿಯುವ ಮೊದಲು ನಾನು ಈ ಹೊಸ ಹೆಸರುಗಳ ಬಗ್ಗೆ ಒಳಗೊಳಗೇ ಮೂಗು ಮುರಿಯುತ್ತಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ. ನನ್ನ ಮೊದಲ ಶಾಲೆಗಳ ಹಾಜರಿ ಪುಸ್ತಕದಲ್ಲಿ ದಾದಾಪೀರ್, ಬುಡೇನ್ ಸಾಬ್, ಚಮನ್ ಸಾಬ್, ಹುಸೇನ್ ಬೀ ಇದ್ದರು. ಯಾವ ದರ್ಗಾಕ್ಕೆ, ಯಾವ ಬೆಟ್ಟಕ್ಕೆ ಹರಕೆ ಹೊತ್ತು ಹುಟ್ಟಿದ ಮಗುವೆಂದು ಹೆಸರೇ ಹೇಳುತ್ತಿತ್ತು. ಮೊಹರಂ ಹರಕೆಯಿಂದ ಹುಟ್ಟಿದ ಒಕ್ಕಲಿಗರ ಮನೆಯ ಹುಡುಗ ಹುಸೇನಪ್ಪನಾಗುತ್ತಿದ್ದ, ಫಕೀರಪ್ಪನಾಗುತ್ತಿದ್ದ. (ಹುಸೇನ್ ಎಂಬುದು ಹಸನ್ ಎಂಬುದರ ಅಲ್ಪಾರ್ಥ ರೂಪ, ಹಸನ್ ಎಂದರೆ ಚೆಲುವ. ಹಾಗೆ ನೋಡಿದರೆ ಹುಸೇನಪ್ಪನೂ ಚೆಲುವಯ್ಯನೂ ಒಬ್ಬನೇ.) ಆ ಹೆಸರುಗಳಿಗೆ ಊರಿತ್ತು, ಈ ‘ಆನ್’ಗಳು ಮೊಬೈಲಿನಿಂದ ಇಳಿದವು ಎಂಬುದು ನನ್ನ ದೂರಾಗಿತ್ತು. ಈ ಮಾತನ್ನು ಸಾಬರ ಮುಂದೆ ಒಮ್ಮೆ ಆಡಿಯೂ ಇದ್ದೆ. ಅವರು ತಮ್ಮ ಹೆಸರಿನ ಕೊನೆಯ ‘ಸಾಬ್’ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ, ಕಚೇರಿಯಲ್ಲಿ ಜನ ಏನೇನು ಹಾಸ್ಯ ಮಾಡಿದ್ದಾರೆಂದು ಒಂದೆರಡು ಉದಾಹರಣೆ ಹೇಳಿದ ಮೇಲೆ ನಾನು ಆ ವಿಷಯ ಎತ್ತಲಿಲ್ಲ. ಹಳೆಯ ಹೆಸರಿನ ಸೊಗಸು ಅದನ್ನು ಹೊರಬೇಕಿಲ್ಲದವನಿಗೆ ಹೆಚ್ಚು ಕಾಣುತ್ತದೆ.

ಒಂದು ಮೊಳ ಅಗಲದ ಬಾಯಿ

ಹೆಸರಿಡುವ ಹಿಂದಿನ ರಾತ್ರಿಯ ಸಂಗತಿಯನ್ನು ಹೇಳಬೇಕು. ಏಳನೆಯ ದಿನ ಕೂಸಿನ ತಲೆಕೂದಲು ತೆಗೆಸಿ, ಆ ಕೂದಲಿನ ತೂಕದಷ್ಟು ಬೆಳ್ಳಿಯ ಬೆಲೆಯನ್ನು ಬಡವರಿಗೆ ಕೊಟ್ಟು, ಅಖೀಕಾ, ಅಂದರೆ ಕೂಸಿನ ಹೆಸರಿನಲ್ಲಿ ಪ್ರಾಣಿಬಲಿ, ಮಾಡಿ ಹೆಸರಿಡುವುದು ಅವರ ಪದ್ಧತಿ. ನನ್ನ ಹೆಂಡತಿ ಬಾಣಂತಿಯನ್ನು ನೋಡಲು ಒಳಗೆ ಹೋಗಿದ್ದಳು. ನಾನು ಸಾಬರೊಂದಿಗೆ ಪಡಸಾಲೆಯಲ್ಲಿ ಕುಳಿತಿದ್ದೆ, ಅಳಿಯನ ದನಿ ಕತಾರಿನಿಂದ ಫೋನಿನ ಸ್ಪೀಕರಿನಲ್ಲಿ ಬರುತ್ತಿತ್ತು. ಅವನು ಇದ್ದದ್ದು ಅಲ್ ರಯ್ಯಾನ್ ಎಂಬ ಊರಿನಲ್ಲಿ. ಆ ವರ್ಷದ ಕೊನೆಗೆ ಫುಟ್‌ಬಾಲ್ ವಿಶ್ವಕಪ್ಪಿನ ಪಂದ್ಯಗಳು ಅಲ್ಲಿನ ಕ್ರೀಡಾಂಗಣಗಳಲ್ಲೂ ನಡೆದವು. ದಿನವೂ ಬೋರ್ಡಿನ ಮೇಲೆ ನೋಡುವ ಆ ಹೆಸರು ಅವನಿಗೆ ಇಷ್ಟವಾಗಿತ್ತು. ಸಾಬರಿಗೆ ಮಾತ್ರ ದಾದಾಪೀರ್ ಎಂದು ಇಡುವ ಮನಸ್ಸು. ಮಾವ ಅಳಿಯಂದಿರ ಮಾತು ದಖ್ಖನಿಯಲ್ಲಿ ಶುರುವಾಗಿ ನಾನು ಇದ್ದೇನೆಂಬ ನೆನಪಾದಾಗಲೆಲ್ಲ ಕನ್ನಡಕ್ಕೆ ಹೊರಳುತ್ತಿತ್ತು.

ಆಗ ಒಳಗಿನಿಂದ ಮಗಳ ದನಿ ಬಂತು. “ಅಬ್ಬಾ, ಆ ಹೆಸರು ಬ್ಯಾಡ. ಆ ಕೂಸು ಬಾವಿಯಾಗೆ ಸತ್ತೈತಿ.”

ಅದೇ ವರ್ಷ ಫೆಬ್ರುವರಿ 1ರಂದು ಮೊರಾಕ್ಕೊದ ಬೆಟ್ಟದ ಹಳ್ಳಿಯೊಂದರಲ್ಲಿ ರಯಾನ್ ಎಂಬ ಐದು ವರ್ಷದ ಹುಡುಗ 32 ಮೀಟರ್ ಆಳದ ಒಣಬಾವಿಗೆ ಬಿದ್ದದ್ದನ್ನು ಓದುಗರು ಮರೆತಿರಲಾರರು. ಬಾವಿಯ ಬಾಯಿ ತೀರಾ ಕಿರಿದಾಗಿದ್ದುದರಿಂದ ಯಾರೂ ಒಳಗಿಳಿಯಲಾಗದೆ, ಪಕ್ಕದಲ್ಲಿ ಗುಡ್ಡವನ್ನೇ ಅಗೆದು, ಅಲ್ಲಿಂದ ಅಡ್ಡ ಸುರಂಗ ಕೊರೆದು, 5ನೆಯ ತಾರೀಕಿನ ರಾತ್ರಿ ಅವನನ್ನು ಹೊರತಂದರು. ಅಷ್ಟರಲ್ಲಿ ಜೀವ ಹೋಗಿತ್ತು. ಆಗ ಎರಡು ತಿಂಗಳ ಬಸುರಿಯಾಗಿದ್ದ ಈ ಹುಡುಗಿ ಅಷ್ಟೂ ದಿನ ಮೊಬೈಲು ಹಿಡಿದು ಆ ಕೂಸಿಗಾಗಿ ಬೇಡಿಕೊಂಡಿದ್ದಳಂತೆ. ನೀರಿನಿಂದ ತಣಿದವನೆಂಬ ಹೆಸರಿನ ಮಗು ನೀರಿಲ್ಲದ ಬಾವಿಯಲ್ಲಿ ಹೋದದ್ದು ಗೊತ್ತಿದ್ದೂ ಅದೇ ಹೆಸರನ್ನು ಮಗನಿಗೆ ಇಡಬೇಕೆಂದರೆ ಯಾವ ತಾಯಿಗೆ ಆದೀತು?

ಪಡಸಾಲೆ ಸುಮ್ಮನಾಯಿತು. ಸಾಬರು ಮೊದಲು ಕೇಳಿದ ಪ್ರಶ್ನೆ ನನ್ನನ್ನು ಬೆಚ್ಚಿಬೀಳಿಸಿತು. “ಬಾಯಿ ಎಷ್ಟಗಲ ಇತ್ತಂತೆ?” ಸುಮಾರು ಒಂದು ಮೊಳ ಎಂದು ಅಳಿಯ ಹೇಳಿದ. ಸಾಬರು ಹುಟ್ಟಿ ಬೆಳೆದದ್ದು ಹಿರಿಯೂರು ತಾಲ್ಲೂಕಿನಲ್ಲಿ. ಮಗನ ಮಂಡಕ್ಕಿ ಭಟ್ಟಿಗೆಂದು ದಾವಣಗೆರೆಗೆ ಬರುವ ಮೊದಲು ಹಾರೆ ಗುದ್ದಲಿ ಹಿಡಿದು ಬಾವಿ ತೋಡುತ್ತಿದ್ದವರು, ಬಾವಿಯ ಕಾಲ ಮುಗಿದ ಮೇಲೆ ಬೋರ್‌ವೆಲ್ ಲಾರಿಯ ಹಿಂದೆ ಊರೂರು ಅಲೆದವರು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆ ಕಾಣುವ ಸೀಮೆ ಅದು. ಬೋರಿನಲ್ಲಿ ನೀರು ಸಿಕ್ಕರೂ ಎಷ್ಟೋ ಕಡೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ನೀರು.

“ಅದು ಬಾವಿ ಅಲ್ಲವ್ವ,” ಎಂದು ಅವರು ಬಾಗಿಲ ಕಡೆಗೆ ತಿರುಗಿ ನಿಧಾನವಾಗಿ ಹೇಳಿದರು. “ಬಾವಿಗೆ ಮೆಟ್ಲು ಇರತೈತೆ, ಕಟ್ಟೆ ಇರತೈತೆ, ಇಳಿದೋನು ಹತ್ತಿ ಬರ್ತಾನೆ. ಅದು ಬೋರಿನಂಗೆ ಬರೀ ತೂತು. ನಮ್ಮ ಕಡೆ ಫೇಲಾದ ಬೋರು ನಾನೆಷ್ಟು ನೋಡಿಲ್ಲ. ಬಾಯಿಗೆ ಗೋಣಿಚೀಲ ತುರುಕಿ ಮ್ಯಾಲೊಂದು ಕಲ್ಲು ಹೇರಿ ಬಂದ್‌ಬಿಡ್ತಿದ್ವಿ. ನಾನೂ ಹಂಗೆ ಬಂದೀನಿ. ಯಾವ ಕೂಸೂ ಬೀಳಲಿಲ್ಲ ಅನ್ನೋದು ಅಲ್ಲಾನ ದಯೆ, ನನ್ನ ಬುದ್ಧಿವಂತಿಕೆ ಅಲ್ಲ.”

ತೆರೆದ ಬೋರ್‌ವೆಲ್ಲುಗಳನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ನಿಯಮ ವಿಧಿಸಿದ್ದು ನನಗೆ ನೆನಪಿಗೆ ಬಂತು, ಆದರೆ ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಾಬರು ಅಳಿಯನನ್ನು ಹೆಸರಿನ ಅರ್ಥ ಕೇಳಿದರು. ನೀರು ಕುಡಿದು ತಣಿದೋನು ಅಂತ ಮಾವ, ಎಂದ ಅವನು. ಸಾಬರು ಮತ್ತೊಮ್ಮೆ ಹೇಳಿಸಿಕೊಂಡರು.

“ಹಂಗಾರೆ ಇಡ್ರಿ,” ಎಂದರು. “ನಮ್ಮ ವಂಶದಾಗೆ ಅಂಥೋನು ಒಬ್ಬನೂ ಇರಲಿಲ್ಲ.”

ಕೋಡಿ

ಅವರು ಹಾಗೆ ಒಪ್ಪಿದ್ದರ ಹಿಂದೆ ಇನ್ನೊಂದು ಸಂಗತಿ ಇತ್ತೆಂದು ನಾನು ಆಮೇಲೆ ತಿಳಿದೆ. ಅದೇ ವಾರ ವಾಣಿವಿಲಾಸ ಸಾಗರ ಕೋಡಿ ಬಿದ್ದಿತ್ತು. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ, 1907ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟೆ ತುಂಬಿ ಹರಿದದ್ದು 1933ರಲ್ಲಿ ಒಮ್ಮೆ. ಮತ್ತೆ 130 ಅಡಿ ಮುಟ್ಟಲು 89 ವರ್ಷ ಬೇಕಾಯಿತು. ಮೊದಲ ಸಲ ಕೋಡಿ ಬಿದ್ದಾಗ ಸಾಬರ ತಂದೆ ಹದಿಮೂರರ ಹುಡುಗ. ಆ ನೀರಿನ ಸದ್ದಿನ ಕತೆ ಹೇಳುತ್ತಲೇ ಮುದುಕನಾಗಿ ಸತ್ತರಂತೆ. ಸಾಬರಿಗೆ ಆ ಕತೆ ಕೇಳಿ ಸಾಕಾಗಿ, ಅಪ್ಪ ಸುಳ್ಳು ಹೇಳುತ್ತಾನೆಂದು ಒಂದು ಕಾಲದಲ್ಲಿ ಅನಿಸಿದ್ದೂ ಉಂಟಂತೆ. ಮೊಮ್ಮಗ ಹುಟ್ಟಿದ ಮೂರನೆಯ ದಿನ, ಆಸ್ಪತ್ರೆಯಿಂದ ನೇರ ಹಿರಿಯೂರಿನ ಬಸ್ಸು ಹತ್ತಿ ಹೋಗಿ, ಜಾತ್ರೆಯಂತೆ ಸೇರಿದ ಜನರ ನಡುವೆ ನಿಂತು ಅದನ್ನು ನೋಡಿ ಬಂದಿದ್ದರು. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಓಬವ್ವ ಕಿಂಡಿಯ ಹತ್ತಿರ ಹೋದದ್ದೂ ಉಣ್ಣುತ್ತಿದ್ದ ಗಂಡನಿಗೆ ನೀರು ತರಲೆಂದೇ ಅಲ್ಲವೇ!

ಉರ್ದು ಶಾಲೆಯ ನನ್ನ ಆ ಸ್ನೇಹಿತರು ಮಾತಿನ ಕೊನೆಗೆ ಇನ್ನೊಂದು ಕತೆಯನ್ನೂ ಸೇರಿಸಿದ್ದರು. ಏಳು ಕೊಬ್ಬಿದ ಹಸುಗಳನ್ನು ಏಳು ಬಡಕಲು ಹಸುಗಳು ತಿನ್ನುವ ಕನಸು ಕಂಡು ಪ್ರವಾದಿ ಯೂಸುಫರಿಂದ ಅದರ ಅರ್ಥ ಹೇಳಿಸಿಕೊಂಡ ಮಿಸರದ, ಅಂದರೆ ಈಜಿಪ್ಟಿನ, ಅರಸನಿಗೆ ಕುರ್‌ಆನಿನಲ್ಲಿ ಹೆಸರಿಲ್ಲ, ‘ಅರಸ’ ಎಂದಷ್ಟೇ ಇದೆ. ಆದರೆ ತಬರಿಯಂಥ ಹಳೆಯ ಇತಿಹಾಸಕಾರರು ಅವನನ್ನು ರಯ್ಯಾನ್ ಬಿನ್ ವಲೀದ್ ಎಂದು ಕರೆದಿದ್ದಾರೆ. ಏಳು ವರ್ಷ ಸುಗ್ಗಿ, ಏಳು ವರ್ಷ ಬರ ಕಂಡ ಅರಸನಿಗೆ ನೀರುಂಡವನೆಂಬ ಹೆಸರು. ನಮಗೆ ಏಳು ವರ್ಷವೂ ಬೇಕಾಗಲಿಲ್ಲ. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ, 2023ರಲ್ಲಿ, ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. 2025ರ ಜನವರಿಯಲ್ಲಿ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿತ್ತು. ಸಾಬರು ಈ ಸಲ ಮೊಮ್ಮಗನನ್ನೂ ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದರು, ಅವನು ಅಲ್ಲಿ ನೀರಿಗಿಂತ ಐಸ್‌ಕ್ರೀಮಿನ ಗಾಡಿಯನ್ನೇ ಹೆಚ್ಚು ನೋಡಿದನೆಂದು ದೂರಿದರು.

ತಾಯಿ ಅವನನ್ನು ಇಂದಿಗೂ ಆ ಹೆಸರಿನಿಂದ ಕರೆಯುವುದಿಲ್ಲ. ಮುನ್ನಾ ಎನ್ನುತ್ತಾಳೆ. ಐದು ವರ್ಷ ದಾಟಲಿ, ಆಮೇಲೆ ನೋಡೋಣ ಎಂಬುದು ಅವಳ ಮಾತು. ಯಾಕೆ ಐದು ಎಂದು ಯಾರೂ ಅವಳನ್ನು ಕೇಳಿಲ್ಲ. ಹಾಲು ಹಾಕಲು ಬರುವ ಮುದುಕಿಗೆ ‘ರಯ್ಯಾನ್’ ನಾಲಿಗೆಯ ಮೇಲೆ ನಿಲ್ಲದೆ ಅವನು ‘ರಾಯಣ್ಣ’ನಾಗಿದ್ದಾನೆ, ಆ ಹೆಸರಿಗೂ ಅವನು ಓಗೊಡುತ್ತಾನೆ. ಇಷ್ಟು ಹೆಸರಿನ ಹುಡುಗನಿಗೆ ಕಾಗದದ ಮೇಲೆ ಒಂದಾದರೂ ಸರಿಯಿರಲಿ ಎಂದು ಮೊನ್ನೆ ತಿದ್ದುಪಡಿಯ ಅರ್ಜಿಯ ಕರಡನ್ನು ನಾನೇ ಬರೆದೆ. ಈ ಸಲ ಬರೆಯುವ ಮೊದಲು ಫೋನು ಮಾಡಿ ಅವನ ತಂದೆಯಿಂದ ಎರಡು ಸಲ ಹೇಳಿಸಿಕೊಂಡೆ, ಯಕಾರಕ್ಕೆ ಒತ್ತು ಕೊಟ್ಟೆ. ಕೆಳಗೆ ‘ತಿದ್ದುಪಡಿಗೆ ಕಾರಣ’ ಎಂಬ ಸಾಲಿನ ಮುಂದೆ ‘ಅರ್ಜಿ ಬರೆದುಕೊಟ್ಟವರ ಕಣ್ತಪ್ಪು’ ಎಂದು ಬರೆದು, ಮತ್ತೊಮ್ಮೆ ಓದಿ, ‘ಕಣ್’ ಎಂಬುದನ್ನು ಹೊಡೆದುಹಾಕಿದೆ.